ಹಳೆಯ ಕಾರಿನ ಆಯಿಲ್ ಸೋರಿಕೆ: ಬಿದ್ದ ಜಾಗ ಬೇರೆ, ಹುಟ್ಟಿದ ಜಾಗ ಬೇರೆ

ಬೆಂಗಳೂರಿನಿಂದ ಹೊರಟವರಿಗೆ ನೆಲಮಂಗಲ ಎಂದರೆ ದಾರಿ ಕವಲೊಡೆಯುವ ಊರು. ಒಂದು ಹೆದ್ದಾರಿ ತುಮಕೂರಿನ ಕಡೆಗೆ ಹೋಗುತ್ತದೆ, ಇನ್ನೊಂದು ಕುಣಿಗಲ್, ಹಾಸನಗಳ ಮೇಲೆ ಮಂಗಳೂರಿಗೆ ಇಳಿಯುತ್ತದೆ. ಹಿಂದೆ 4 ಮತ್ತು 48 ಎಂಬ ಸಂಖ್ಯೆಗಳಿದ್ದ ಈ ರಾಷ್ಟ್ರೀಯ ಹೆದ್ದಾರಿಗಳಿಗೆ ಈಗ ಕ್ರಮವಾಗಿ 48 ಮತ್ತು 75 ಎಂಬ ಸಂಖ್ಯೆಗಳಿವೆ. ದಾರಿ ಕವಲೊಡೆಯುವಲ್ಲಿ ವಾಹನ ನಿಲ್ಲುತ್ತದೆ. ವಾಹನ ನಿಲ್ಲುವಲ್ಲಿ ಪಂಕ್ಚರ್ ಅಂಗಡಿ, ಹೋಟೆಲು, ಗ್ಯಾರೇಜುಗಳು ಹುಟ್ಟಿಕೊಳ್ಳುತ್ತವೆ. ಇಂಥ ಯಾವುದೇ ಹಳೆಯ ಗ್ಯಾರೇಜಿನ ಅಂಗಳಕ್ಕೆ ಹೋಗಿ ನೋಡಿ. ಮಣ್ಣು ಕಪ್ಪಾಗಿ, ಒತ್ತಿದರೆ ಮೆತ್ತಗೆ ಹೊಳೆಯುತ್ತಿರುತ್ತದೆ. ಅದು ವರ್ಷಗಟ್ಟಲೆ ಎಂಜಿನ್ನುಗಳಿಂದ ತೊಟ್ಟಿಕ್ಕಿದ ಆಯಿಲ್.

ಆ ಆಯಿಲ್ ಎಂಜಿನ್ನಿನ ಯಾವ ಭಾಗದಿಂದ ಬಂತು? ಪ್ರಶ್ನೆ ಸುಲಭವಾಗಿ ಕಾಣುತ್ತದೆ. ಹನಿ ಎಲ್ಲಿ ಬೀಳುತ್ತದೆಯೋ ಅದರ ನೇರ ಮೇಲೆ ತೂತಿರಬೇಕಲ್ಲವೆ? ಹಾಗಿಲ್ಲ ಎಂಬುದೇ ಈ ಲೇಖನದ ವಿಷಯ. ಮಾತುಕತೆಯ ಅವಧಿಯಲ್ಲಿ ಹೇಳಿ ಮುಗಿಸಲಾಗದ ವಿವರಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಕೊಟ್ಟಿದೆ.

ಉದಾಹರಣೆಗೆ ಅಂಬಾಸಿಡರ್ ಕಾರನ್ನು ತೆಗೆದುಕೊಳ್ಳೋಣ. ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಈ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ದಶಕಗಳ ಕಾಲ ಅದರ ಹೊಟ್ಟೆಯಲ್ಲಿ ಕೂತಿದ್ದುದು 1489 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಬಾನೆಟ್ ಎತ್ತಿದರೆ ಎರಡೂ ಪಕ್ಕ ಕೈ ಇಳಿಬಿಡುವಷ್ಟು ಜಾಗ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗುವುದಿಲ್ಲ. ಸೋರುವುದರಲ್ಲಿಯೂ ಅದು ಧಾರಾಳಿ. ಸೋರಿಕೆಯ ಬಹುತೇಕ ಎಲ್ಲ ಬಗೆಗಳನ್ನೂ ಒಂದೇ ಕಡೆ ನೋಡಬಹುದು.

ಒಂದು ಹನಿಯ ಲೆಕ್ಕ

ಆಯಿಲ್‌ನ ಒಂದು ಹನಿಯ ಗಾತ್ರ ಸುಮಾರು 1 ಮಿಲಿಲೀಟರಿನ 25ನೇ ಒಂದು ಭಾಗ ಎಂದಿಟ್ಟುಕೊಳ್ಳಿ. ರಾತ್ರಿಯಿಡೀ ನಿಂತ ಕಾರಿನ ಅಡಿಯಲ್ಲಿ ಬೆಳಿಗ್ಗೆ ಹತ್ತು ಹನಿ ಕಂಡರೆ ನಷ್ಟವಾದದ್ದು ಅರ್ಧ ಮಿಲಿಲೀಟರಿಗೂ ಕಡಿಮೆ. ಅದಕ್ಕೆ ಗಾಬರಿ ಬೇಡ. ಆದರೆ ಎಂಜಿನ್ ಓಡುವಾಗ ಸೆಕೆಂಡಿಗೆ ಒಂದು ಹನಿ ಬೀಳುತ್ತಿದ್ದರೆ? ಗಂಟೆಗೆ 3600 ಹನಿ, ಅಂದರೆ 144 ಮಿಲಿಲೀಟರ್. ನೆಲಮಂಗಲದಿಂದ ಹಾಸನಕ್ಕೆ ಮೂರೂವರೆ ಗಂಟೆ ಹಿಡಿದರೆ ದಾರಿಯಲ್ಲಿ ಕಳೆದುಹೋಗುವುದು ಅರ್ಧ ಲೀಟರ್. ಈ ಎಂಜಿನ್ನಿನಲ್ಲಿ ಇರುವುದೇ ಸುಮಾರು ನಾಲ್ಕು ಲೀಟರ್. ಅಲ್ಲಿಂದ ಘಟ್ಟ ಇಳಿದು, ಮತ್ತೆ ಹತ್ತಿ, ಆಯಿಲ್ ಕಡ್ಡಿಯನ್ನು ಒಮ್ಮೆಯೂ ನೋಡದೆ ವಾಪಸು ಬಂದರೆ ಬೇರಿಂಗುಗಳು ಒಣಗಿ ಉಜ್ಜತೊಡಗುತ್ತವೆ. ಎಂಜಿನ್ ಹಿಡಿದುಕೊಂಡಿತು ಎಂದು ಗ್ಯಾರೇಜಿನವರು ಹೇಳುವುದು ಇದನ್ನೇ. ಆಮೇಲಿನ ಖರ್ಚು ಹಳೆಯ ಕಾರಿನ ಬೆಲೆಯನ್ನೇ ಮೀರಬಹುದು.

ಇನ್ನೊಂದು ಅಪಾಯವೂ ಇದೆ. ಆಯಿಲ್ ನೆಲಕ್ಕೆ ಬೀಳದೆ ಕೆಂಪಗೆ ಕಾಯುವ ಎಕ್ಸಾಸ್ಟ್ ಕೊಳವೆಯ ಮೇಲೆ ಬಿದ್ದರೆ ಮೊದಲು ವಾಸನೆ, ನಂತರ ಹೊಗೆ, ಕೆಲವೊಮ್ಮೆ ಬೆಂಕಿ. ನೆಲದ ಮೇಲೆ ಹನಿ ಕಾಣದಿದ್ದರೂ ಸುಟ್ಟ ಎಣ್ಣೆಯ ವಾಸನೆ ಬರುತ್ತಿದ್ದರೆ ಅದನ್ನು ದೊಡ್ಡ ಸೋರಿಕೆಯೆಂದೇ ಭಾವಿಸಬೇಕು. ಕ್ಲಚ್ಚಿನ ಪ್ಲೇಟಿಗೆ ಆಯಿಲ್ ತಗುಲಿದರೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಮೊದಲು ಅದು ಆಯಿಲೇ ಎಂದು ಖಚಿತವಾಗಲಿ

ಕಾರಿನ ಅಡಿಯಲ್ಲಿ ಕಂಡ ಒದ್ದೆಯೆಲ್ಲ ಎಂಜಿನ್ ಆಯಿಲ್ ಅಲ್ಲ. ಎಂಜಿನ್ ಆಯಿಲ್ ಹೊಸದಾಗಿದ್ದರೆ ಜೇನುತುಪ್ಪದ ಬಣ್ಣ, ಓಡಿದ ಮೇಲೆ ಕಂದು ಅಥವಾ ಕಪ್ಪು. ಗೇರ್ ಆಯಿಲ್ ಇನ್ನೂ ಮಂದ. ಅದಕ್ಕೆ ಗಂಧಕದ ಗಾಟು ವಾಸನೆ ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಬ್ರೇಕ್ ಆಯಿಲ್ ನೀರಿನಂತೆ ತೆಳುವು, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ಕೀಳುತ್ತದೆ. ಅದು ಸೋರುತ್ತಿದ್ದರೆ ಕಾರನ್ನು ಕದಲಿಸಲೇಬಾರದು. ರೇಡಿಯೇಟರಿನ ನೀರಿಗೆ ಕೂಲೆಂಟ್ ಬೆರೆಸಿದ್ದರೆ ಹಸಿರೋ ಕೆಂಪೋ ಬಣ್ಣವಿರುತ್ತದೆ. ಬಿಳಿ ಬಟ್ಟೆಯ ಚೂರಿನಲ್ಲಿ ಒರೆಸಿ ಬಣ್ಣ ನೋಡಿ, ಮೂಸಿ, ಬೆರಳಲ್ಲಿ ಉಜ್ಜಿ ನೋಡಿ. ನಾಲಿಗೆಗೆ ಮಾತ್ರ ತಾಗಿಸಬೇಡಿ. ಕೂಲೆಂಟ್ ಸಿಹಿಯಾಗಿದ್ದರೂ ವಿಷ.

ಆಯಿಲ್ ಓಡಾಡುವ ದಾರಿ

ಹುಡುಕುವ ಮೊದಲು ಆಯಿಲ್ ಒಳಗೆ ಹೇಗೆ ಓಡಾಡುತ್ತದೆ ಎಂಬುದು ತಿಳಿದಿರಬೇಕು. ಎಂಜಿನ್ನಿನ ತಳದಲ್ಲಿ ತಗಡಿನ ತೊಟ್ಟಿಯೊಂದಿದೆ. ಪುಸ್ತಕಗಳಲ್ಲಿ ಅದನ್ನು ಸಂಪ್ ಎನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಎನ್ನುತ್ತಾರೆ. ಅಲ್ಲಿಂದ ಪಂಪು ಆಯಿಲನ್ನು ಹೀರಿ, ಫಿಲ್ಟರಿನ ಮೂಲಕ ತಳ್ಳಿ, ಎಂಜಿನ್ನಿನೊಳಗೆ ಕೊರೆದ ಸಣ್ಣ ಕಾಲುವೆಗಳಲ್ಲಿ ಕ್ರ್ಯಾಂಕ್ ಬೇರಿಂಗುಗಳಿಗೂ, ತಲೆಯ ಮೇಲಿನ ವಾಲ್ವುಗಳ ಜಾಗಕ್ಕೂ ಕಳಿಸುತ್ತದೆ. ಸುಸ್ಥಿತಿಯಲ್ಲಿರುವ ಎಂಜಿನ್ ಬಿಸಿಯಾಗಿ ಓಡುವಾಗ ಈ ಒತ್ತಡ ಚದರ ಅಂಗುಲಕ್ಕೆ 50 ಪೌಂಡಿನ ಆಸುಪಾಸಿನಲ್ಲಿರುತ್ತದೆ. ಕೆಲಸ ಮುಗಿಸಿದ ಆಯಿಲ್ ಯಾವ ಒತ್ತಡವೂ ಇಲ್ಲದೆ, ಮಳೆ ನೀರು ಗೋಡೆಯ ಮೇಲೆ ಇಳಿಯುವ ಹಾಗೆ ಮತ್ತೆ ಚೇಂಬರಿಗೆ ಇಳಿಯುತ್ತದೆ.

ಆದ್ದರಿಂದ ಸೋರಿಕೆಯಲ್ಲಿ ಎರಡು ಜಾತಿ. ಪಂಪು ತಳ್ಳುವ ದಾರಿಯಲ್ಲಿ ಆದದ್ದು ಒಂದು: ಫಿಲ್ಟರಿನ ರಬ್ಬರ್ ಉಂಗುರ, ಫಿಲ್ಟರಿಗೆ ಹೋಗುವ ಕೊಳವೆ, ಒತ್ತಡ ತೋರಿಸುವ ಗೇಜಿನ ಸಪೂರ ಪೈಪು. ಇಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಆಯಿಲ್ ಚಿಮ್ಮುತ್ತದೆ. ಎಂಜಿನ್ ನಿಲ್ಲಿಸಿದ ಕೂಡಲೇ ಚಿಮ್ಮುವುದು ನಿಲ್ಲುತ್ತದೆ. ಇಂಥದ್ದನ್ನು ಕಂಡ ಮೇಲೆ ಕಾರು ಓಡಿಸಕೂಡದು. ಹಿಂದಿರುಗುವ ದಾರಿಯಲ್ಲಿ ಆದದ್ದು ಇನ್ನೊಂದು ಜಾತಿ: ಮೇಲಿನ ಮುಚ್ಚಳ, ಪಕ್ಕದ ಮುಚ್ಚಳ, ಚೇಂಬರಿನ ಅಂಚು. ಇವು ನಿಧಾನವಾಗಿ ಜಿನುಗುತ್ತವೆ. ಎಂಜಿನ್ ನಿಂತ ಮೇಲೂ ಜಿನುಗುತ್ತಲೇ ಇರುತ್ತವೆ. ಓಡುವಾಗ ಹೆಚ್ಚು, ನಿಂತಾಗ ಸೊನ್ನೆ ಎಂದರೆ ಮೊದಲನೆಯದರ ಕಡೆ ಅನುಮಾನ ಹೋಗಬೇಕು.

ತೊಳೆದ ಹೊರತು ಹುಡುಕಲಾಗದು

ಗ್ಯಾರೇಜುಗಳಲ್ಲಿ ಕೇಳಿಬರುವ ಸಾಮಾನ್ಯ ಸಂಭಾಷಣೆ ಹೀಗಿರುತ್ತದೆ. ಮೆಕ್ಯಾನಿಕ್ ಅಡಿಗೆ ಬಗ್ಗಿ ನೋಡಿ, ಎದ್ದು, ಕೈ ಒರೆಸಿಕೊಳ್ಳುತ್ತ ಹೇಳುತ್ತಾನೆ: "ಹಿಂದಿನ ಸೀಲ್ ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸ್ಬೇಕು." ಕಾರಿನವರು ಕೇಳುತ್ತಾರೆ: "ಅಲ್ಲಣ್ಣ, ಮೇಲಿಂದ ಏನಾದ್ರೂ ಇಳೀತಿದ್ಯೇನೋ, ಒಂದ್ಸಲ ನೋಡಬಾರ್ದಾ?" ಈ ಎರಡನೆಯ ಪ್ರಶ್ನೆಗೆ ಬೆಲೆ ಇದೆ. ಗೇರ್ ಬಾಕ್ಸ್ ಇಳಿಸಿ ಏರಿಸುವುದು ಒಂದೆರಡು ದಿನದ ಕೂಲಿ. ಮೇಲಿನ ಮುಚ್ಚಳದ ಪ್ಯಾಕಿಂಗ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಎರಡೂ ಕಡೆಯ ಆಯಿಲ್ ಕೊನೆಗೆ ಬೀಳುವುದು ಒಂದೇ ಜಾಗದಲ್ಲಿ, ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಕಡೆ.

ಇದಕ್ಕೆ ಕಾರಣ ಎರಡು. ಆಯಿಲ್ ತಾನಾಗಿ ಕೆಳಕ್ಕೆ ಹರಿಯುತ್ತದೆ. ಕಾರು ಓಡುವಾಗಿನ ಗಾಳಿ ಮತ್ತು ಎಂಜಿನ್ನಿನ ಮುಂದಿನ ಫ್ಯಾನು ಸೇರಿ ಅದನ್ನು ಹಿಂದಕ್ಕೆ ತಳ್ಳುತ್ತವೆ. ಹಾಗಾಗಿ ಮುಂದೆ, ಮೇಲೆ ಹುಟ್ಟಿದ ಸೋರಿಕೆ ಹಿಂದೆ, ಕೆಳಗೆ ಬಂದು ಹನಿಯಾಗುತ್ತದೆ. ಹುಡುಕುವವರು ಇದರ ತದ್ವಿರುದ್ಧ ದಿಕ್ಕಿನಲ್ಲಿ ಹೋಗಬೇಕು: ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿರುವುದು ಯಾವುದು, ಅತ್ಯಂತ ಮುಂದಿರುವುದು ಯಾವುದು?

ಹತ್ತು ವರ್ಷದ ಜಿಡ್ಡು, ಧೂಳು ಮೆತ್ತಿದ ಎಂಜಿನ್ನಿನಲ್ಲಿ ಇದನ್ನು ನೋಡಲು ಸಾಧ್ಯವೇ ಇಲ್ಲ. ಆದ್ದರಿಂದ ಮೊದಲು ತೊಳೆಯಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ತಂತಿ ಬಿಚ್ಚಿ, ಡಿಸ್ಟ್ರಿಬ್ಯೂಟರಿಗೂ ಕಾರ್ಬ್ಯುರೇಟರಿನ ಬಾಯಿಗೂ ಪ್ಲಾಸ್ಟಿಕ್ ಕಟ್ಟಿ, ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬ್ರಷ್ಷಿನಿಂದ ಜಿಡ್ಡು ಬಿಡಿಸಬೇಕು. ಗಟ್ಟಿ ಜಿಡ್ಡನ್ನು ಮರದ ಚೂರಿನಿಂದ ಕೆರೆಯಬಹುದು. ನಂತರ ಸಾಬೂನಿನ ನೀರಿನ ಬಟ್ಟೆಯಲ್ಲಿ ಒರೆಸಿ, ಗಂಟೆಗಟ್ಟಲೆ ಒಣಗಲು ಬಿಡಬೇಕು. ಸೀಮೆಎಣ್ಣೆ ಆರದೆ ಎಂಜಿನ್ ಚಾಲೂ ಮಾಡುವುದು ಬೆಂಕಿಯನ್ನು ಕರೆದಂತೆ. ನೀರಿನ ಪಿಚಕಾರಿಯಿಂದ ಜೋರಾಗಿ ಹೊಡೆಯುವ ವಾಟರ್ ಸರ್ವಿಸ್ ಬೇಗ ಮುಗಿಯುತ್ತದೆ, ನಿಜ. ಆದರೆ ಆಮೇಲೆ ಕಾರು ಚಾಲೂ ಆಗದೆ ಅರ್ಧ ದಿನ ಕಳೆದವರು ಅನೇಕರು.

ಒಣಗಿದ ಮೇಲೆ ಅನುಮಾನದ ಕೂಡುಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ತೆಳುವಾಗಿ ಉದುರಿಸಿ. ಕಾರಿನ ಅಡಿಯಲ್ಲಿ ದೊಡ್ಡ ರಟ್ಟನ್ನೋ ನಾಲ್ಕು ಮಡಿಕೆಯ ದಿನಪತ್ರಿಕೆಯನ್ನೋ ಹಾಸಿ, ಮುಂದಿನ ಚಕ್ರಗಳ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿ. ಎಂಜಿನ್ ಚಾಲೂ ಮಾಡಿ ಹದಿನೈದು ನಿಮಿಷ ಬಿಸಿಯಾಗಲು ಬಿಡಿ. ತಣ್ಣಗಿನ ಆಯಿಲ್ ಮಂದವಾಗಿದ್ದು ಸಣ್ಣ ಸಂದಿಯಲ್ಲಿ ಹೊರಬರುವುದಿಲ್ಲ. ಈಗ ಟಾರ್ಚು ಮತ್ತು ಕೈಗನ್ನಡಿ ಹಿಡಿದು ನೋಡಿ. ಬಿಳಿಯ ಪುಡಿಯ ಮೇಲೆ ಮೊದಲು ಕಾಣಿಸುವ ಕಂದು ಗೆರೆಯೇ ನಿಮಗೆ ಬೇಕಾದದ್ದು. ಎಲ್ಲವೂ ಒದ್ದೆಯಾಗುವವರೆಗೆ ಕಾದರೆ ತೊಳೆದದ್ದು ವ್ಯರ್ಥ. ಇಲ್ಲಿ ಏನೂ ಕಾಣದಿದ್ದರೆ ಐದು ಕಿಲೋಮೀಟರ್ ಓಡಿಸಿ ಬಂದು ಮತ್ತೆ ನೋಡಬೇಕು. ಕೆಲವು ಸೋರಿಕೆಗಳು ವೇಗದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತವೆ. ಈಗ ಆಯಿಲ್‌ಗೆ ಬೆರೆಸುವ, ನೇರಳಾತೀತ ಬೆಳಕಿನ ಟಾರ್ಚಿನಲ್ಲಿ ಹೊಳೆಯುವ ಬಣ್ಣವೂ ಸಿಗುತ್ತದೆ. ತಲುಪಲಾರದ ಮೂಲೆಗಳಿಗೆ ಅದು ಒಳ್ಳೆಯದು. ಆದರೂ ಪೌಡರಿನ ಡಬ್ಬಿ ಮಾಡುವ ಕೆಲಸವನ್ನು ಕಡಿಮೆ ಎಣಿಸಬೇಕಾಗಿಲ್ಲ.

ಕಾರಿನ ಅಡಿಗೆ ಹೋಗುವವರಿಗೆ ಒಂದು ಮಾತು, ಮುಖ್ಯವಾಗಿ ಕಾಲೇಜು ಹುಡುಗರಿಗೆ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ಒಂದು ಕ್ಷಣಕ್ಕೂ ನುಗ್ಗಬೇಡಿ. ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕಲ್ಲಿಟ್ಟು, ಕಾರನ್ನು ಅಲುಗಿಸಿ ನೋಡಿದ ಮೇಲೆಯೇ ಒಳಗೆ ಹೋಗಬೇಕು. ಇಟ್ಟಿಗೆ, ಹಾಲೋ ಬ್ಲಾಕು ಜೋಡಿಸುವುದು ಬೇಡ. ಅವು ಎಚ್ಚರಿಕೆ ಕೊಡದೆ ಒಡೆಯುತ್ತವೆ. ಓಡುತ್ತಿರುವ ಎಂಜಿನ್ನಿನ ಬಳಿ ಸಡಿಲ ತೋಳು, ದುಪಟ್ಟಾ, ಕೊರಳ ಸರ ಇರಬಾರದು.

ಎಂಜಿನ್ ಉಸಿರಾಡುತ್ತಿದೆಯೇ?

ಕೆಲವು ಎಂಜಿನ್ನುಗಳಲ್ಲಿ ಒಂದಲ್ಲ, ನಾಲ್ಕೈದು ಕಡೆ ಒಟ್ಟಿಗೆ ಜಿನುಗುತ್ತಿರುತ್ತದೆ. ಎಲ್ಲ ಪ್ಯಾಕಿಂಗ್ ಬದಲಿಸಿದರೂ ತಿಂಗಳೊಳಗೆ ಮತ್ತೆ ಅದೇ ಕಥೆ. ಆಗ ತಪ್ಪು ಪ್ಯಾಕಿಂಗಿನದಲ್ಲ, ಉಸಿರಿನದು.

ಸಿಲಿಂಡರಿನೊಳಗೆ ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲ ಪಿಸ್ಟನ್ನನ್ನು ಕೆಳಗೆ ದೂಡುತ್ತದೆ. ಪಿಸ್ಟನ್ನಿನ ಸುತ್ತ ಇರುವ ಉಂಗುರಗಳು ಅನಿಲವನ್ನು ತಡೆಯುತ್ತವೆ, ಆದರೆ ಪೂರ್ತಿಯಾಗಿ ಅಲ್ಲ. ಹೊಸ ಎಂಜಿನ್ನಿನಲ್ಲಿಯೂ ಸ್ವಲ್ಪ ಅನಿಲ ಪಕ್ಕದಿಂದ ನುಸುಳಿ ಕೆಳಗಿನ ಕ್ರ್ಯಾಂಕಿನ ಕೋಣೆಗೆ ಸೇರುತ್ತದೆ. ಉಂಗುರ ಸವೆದ ಎಂಜಿನ್ನಿನಲ್ಲಿ ಇದು ಬಹಳ. ಈ ಅನಿಲ ಹೊರಹೋಗಲೆಂದು ಬ್ರೀದರ್ ಎಂಬ ಕೊಳವೆಯನ್ನು ಇಟ್ಟಿರುತ್ತಾರೆ. ಹಳೆಯ ಅಂಬಾಸಿಡರಿನಲ್ಲಿ ಅದು ಪಕ್ಕದ ಮುಚ್ಚಳವೊಂದರಿಂದ ಹೊರಟು ನೆಲದ ಕಡೆಗೆ ಇಳಿಯುತ್ತದೆ. ವರ್ಷಗಳ ಕಾಲ ಆಯಿಲ್‌ನ ಹಬೆ, ಮಸಿ, ಧೂಳು ಸೇರಿ ಅದರೊಳಗೆ ಡಾಂಬರಿನಂಥ ಗಷ್ಟು ಕಟ್ಟುತ್ತದೆ. ಮೂಗು ಕಟ್ಟಿದವರು ಬಾಯಿಂದ ಉಸಿರಾಡುವಂತೆ ಎಂಜಿನ್ನು ಸಿಕ್ಕ ಸಿಕ್ಕ ಕೂಡಿನಿಂದ ಉಸಿರು ಬಿಡುತ್ತದೆ. ಉಸಿರಿನ ಜೊತೆಗೆ ಆಯಿಲ್ ಹೊರಬರುತ್ತದೆ.

ಇಷ್ಟು ಸಣ್ಣ ಒತ್ತಡಕ್ಕೆ ಅಷ್ಟು ಬಲವೇ ಎಂದು ಕೇಳಬಹುದು. ಲೆಕ್ಕ ಹಾಕೋಣ. ಒಳಗಿನ ಒತ್ತಡ ಹೊರಗಿಗಿಂತ ಚದರ ಸೆಂಟಿಮೀಟರಿಗೆ ಕೇವಲ 50 ಗ್ರಾಂ ಹೆಚ್ಚಿದೆ ಎನ್ನಿ. ಮೇಲಿನ ತಗಡಿನ ಮುಚ್ಚಳದ ವಿಸ್ತೀರ್ಣ 500 ಚದರ ಸೆಂಟಿಮೀಟರ್ ಎನ್ನಿ. ಗುಣಿಸಿದರೆ 25 ಕಿಲೋಗ್ರಾಂ. ಎರಡು ನಟ್ಟುಗಳು ಮಾತ್ರ ಹಿಡಿದಿರುವ ತೆಳು ತಗಡನ್ನು ಒಳಗಿನಿಂದ ಒಂದು ಅಕ್ಕಿ ಮೂಟೆಯಷ್ಟು ಬಲ ಎತ್ತುತ್ತಿದೆ. ಪದವಿಪೂರ್ವ ತರಗತಿಯಲ್ಲಿ ಒತ್ತಡ, ವಿಸ್ತೀರ್ಣ, ಬಲಗಳ ಸಂಬಂಧವನ್ನು ಓದಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಪರೀಕ್ಷೆ ಸರಳ. ಬಿಸಿಯಾದ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಎಚ್ಚರದಿಂದ ತೆಗೆದು, ಬಾಯಿಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹಿಡಿಯಿರಿ. ಹಾಳೆ ಸ್ವಲ್ಪ ನಡುಗಿದರೆ ಸಾಮಾನ್ಯ. ಪೂರಿಯಂತೆ ಉಬ್ಬಿ ನಿಂತರೆ ಒಳಗೆ ಒತ್ತಡ ಕಟ್ಟಿದೆ. ಬ್ರೀದರ್ ಕೊಳವೆಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಹಾಯಿಸಿ ಶುಚಿ ಮಾಡಿದ ನಂತರ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಆಗ ಉಬ್ಬದಿದ್ದರೆ ಕಾಸಿನ ಖರ್ಚಿಲ್ಲದೆ ಅರ್ಧ ಸೋರಿಕೆಗಳು ತಾವಾಗಿ ಕಡಿಮೆಯಾಗುತ್ತವೆ. ಕೊಳವೆ ಶುಚಿಯಾದರೂ ಉಬ್ಬುತ್ತಿದ್ದರೆ ಉಂಗುರಗಳು ಸವೆದಿರುವ ಸಂಭವವಿದೆ. ಅದನ್ನು ಕಂಪ್ರೆಷನ್ ಗೇಜಿನಿಂದ ನೋಡಬೇಕು. ಒಂದು ಸಿಲಿಂಡರಿನ ಒತ್ತಡ ಕಡಿಮೆ ತೋರಿಸಿದರೆ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಉಂಗುರದ ದೋಷ, ಏರದಿದ್ದರೆ ವಾಲ್ವಿನದು. ಆಯಿಲ್ ಉಂಗುರದ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ವಾಲ್ವನ್ನು ಮುಚ್ಚಲಾರದು.

ಆಯಿಲ್ ಅತಿಯಾಗಿ ತುಂಬಿಸಿದರೂ ಇಂಥದ್ದೇ ತೊಂದರೆ. "ಸ್ವಲ್ಪ ಜಾಸ್ತಿ ಇರಲಿ" ಎಂದು ಕಡ್ಡಿಯ ಮೇಲಿನ ಗೆರೆ ದಾಟಿಸಿದರೆ ತಿರುಗುವ ಕ್ರ್ಯಾಂಕು ಆಯಿಲನ್ನು ಬಡಿದು ನೊರೆ ಮಾಡಿ ಎಲ್ಲ ಕೂಡುಗಳಿಗೂ ಎರಚುತ್ತದೆ.

ಮುಚ್ಚಳ, ಪ್ಯಾಕಿಂಗ್, ನಟ್ಟು

ಮೇಲಿನ ಮುಚ್ಚಳವನ್ನು ನಮ್ಮಲ್ಲಿ ಟ್ಯಾಪೆಟ್ ಕವರ್ ಎನ್ನುತ್ತಾರೆ. ಅದರಡಿಯಲ್ಲಿರುವುದು ಕಾರ್ಕಿನ ಪ್ಯಾಕಿಂಗ್. ಕಾರ್ಕ್ ಮರದ ತೊಗಟೆ. ಅದುಮಿದರೆ ತಗ್ಗಿ, ಬಿಟ್ಟರೆ ಉಬ್ಬಿ ಸಂದಿಯನ್ನು ತುಂಬುತ್ತದೆ. ಬಿಸಿಯಲ್ಲಿ ಹತ್ತಾರು ಸಾವಿರ ಕಿಲೋಮೀಟರ್ ಕಳೆದ ಮೇಲೆ ಒಣಗಿ ಹಪ್ಪಳದಂತೆ ಮುರಿಯುತ್ತದೆ. ಸೋರುತ್ತಿದೆಯೆಂದು ನಟ್ಟನ್ನು ಇನ್ನಷ್ಟು ಬಿಗಿಯುವುದು ಎಲ್ಲರೂ ಮೊದಲು ಮಾಡುವ ಕೆಲಸ, ಸೋರಿಕೆ ಹೆಚ್ಚಲು ಮುಖ್ಯ ಕಾರಣವೂ ಅದೇ. ಬಿಗಿದಷ್ಟೂ ತಗಡು ನಟ್ಟಿನ ಹತ್ತಿರ ತಗ್ಗುತ್ತದೆ, ಅಂಚುಗಳು ಬಾಗುತ್ತವೆ, ಕಾರ್ಕು ಹೊರಕ್ಕೆ ಪಿಸುಕಿಕೊಂಡು ಸೀಳುತ್ತದೆ. ಮುಚ್ಚಳವನ್ನು ಬಿಚ್ಚಿ, ಗಾಜಿನ ಮೇಲೋ ಸಮನಾದ ಕಡಪ ಕಲ್ಲಿನ ಮೇಲೋ ಮಗುಚಿಟ್ಟು ಅಂಚು ಪೂರ್ತಿ ಕೂರುತ್ತದೆಯೇ ನೋಡಿ; ಬಾಗಿದ್ದರೆ ಮರದ ಸುತ್ತಿಗೆಯಿಂದ ಸರಿಪಡಿಸಿ. ಹಳೆಯ ಪ್ಯಾಕಿಂಗಿನ ಚೂರು ಸ್ವಲ್ಪವೂ ಉಳಿಯಬಾರದು. ಹೊಸದನ್ನು ಮುಚ್ಚಳದ ಕಡೆ ಮಾತ್ರ ಅಂಟಿಸಿ, ಎಂಜಿನ್ನಿನ ಕಡೆ ಒಣಗಿದ್ದಂತೆಯೇ ಇಟ್ಟರೆ ಮುಂದಿನ ಸಲ ಬಿಚ್ಚುವಾಗ ಹರಿಯುವುದಿಲ್ಲ. ನಟ್ಟುಗಳ ಅಡಿಯ ರಬ್ಬರ್ ಬುಷ್ಷುಗಳನ್ನೂ ಬದಲಿಸಬೇಕು. ಅನೇಕ ಸಲ ಸೋರುವುದು ಅವೇ. ಕೈಬೆರಳಲ್ಲಿ ಬಿಗಿದು, ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿಗಿಂತ ಹೆಚ್ಚು ಬೇಡ. ಒಂದೆರಡು ದಿನ ಓಡಿಸಿದ ಮೇಲೆ ಕಾರ್ಕು ಕೂತಿರುತ್ತದೆ. ಆಗ ಇನ್ನೊಮ್ಮೆ ನೋಡಿ ಹದಮಾಡಿ.

ಪಕ್ಕದ ಮುಚ್ಚಳಗಳು ಎರಡು. ಎಕ್ಸಾಸ್ಟ್ ಕೊಳವೆಯ ಅಡಿಯಲ್ಲಿ ಅಡಗಿ ಕೂತಿರುವುದರಿಂದ ಇವುಗಳ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟು. ಸುಟ್ಟ ವಾಸನೆಯ ದೂರು ಬಂದಾಗ ಮೊದಲು ಟಾರ್ಚು ಹಿಡಿಯಬೇಕಾದದ್ದು ಇಲ್ಲಿಗೆ.

ಚೇಂಬರಿನ ಅಂಚಿಗೂ ಮೇಲೆ ಹೇಳಿದ್ದೇ ಅನ್ವಯಿಸುತ್ತದೆ. ಬೋಲ್ಟಿನ ತೂತುಗಳ ಸುತ್ತ ತಗಡು ಗುಳಿ ಬಿದ್ದಿದ್ದರೆ ಅಡಿಗಲ್ಲಿನ ಮೇಲಿಟ್ಟು ತಟ್ಟಿ ಸಮ ಮಾಡದೆ ಹೊಸ ಪ್ಯಾಕಿಂಗ್ ಹಾಕುವುದು ದಂಡ. ಡ್ರೈನ್ ನಟ್ಟಿನ ತಾಮ್ರದ ವಾಶರನ್ನು ಮಾತ್ರ ಎಸೆಯುವ ಅವಶ್ಯಕತೆ ಇಲ್ಲ. ಒಮ್ಮೆ ಅದುಮಿದ ತಾಮ್ರ ಗಡುಸಾಗುತ್ತದೆ. ಅದನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೃದುವಾಗುತ್ತದೆ. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರವನ್ನು ಹಾಗೆಯೇ ಅದ್ದಿದರೂ ಮೃದುವೇ. ಲೋಹಗಳ ಒಳರಚನೆಯ ಈ ವ್ಯತ್ಯಾಸ ರಸಾಯನಶಾಸ್ತ್ರದ ಅಧ್ಯಾಪಕರನ್ನು ಕೇಳುವಂಥದ್ದು.

ಫಿಲ್ಟರ್ ಬದಲಿಸಿದ ಮರುಕ್ಷಣವೇ ಆಯಿಲ್ ಧಾರೆಯಾಗಿ ಸುರಿದರೆ ಕಾರಣ ಬಹುತೇಕ ಒಂದೇ: ಹಳೆಯ ರಬ್ಬರ್ ಉಂಗುರ ಮೇಲೆಯೇ ಅಂಟಿಕೊಂಡು ಉಳಿದಿದ್ದು, ಅದರ ಮೇಲೆ ಹೊಸದು ಕೂತಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗದ ಕಾಗದದ ಪ್ಯಾಕಿಂಗನ್ನು ನಮ್ಮ ಗ್ಯಾರೇಜಿನ ಹುಡುಗರು ಐದು ನಿಮಿಷದಲ್ಲಿ ಮಾಡಿಕೊಳ್ಳುತ್ತಾರೆ. ಪ್ಯಾಕಿಂಗ್ ಹಾಳೆಯನ್ನು ಲೋಹದ ಭಾಗದ ಮೇಲಿಟ್ಟು, ದುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ ಆ ಭಾಗದ ಆಕಾರವೇ ಕತ್ತರಿಸಿಕೊಂಡು ಬರುತ್ತದೆ. ನೋಡಲು ಚೆಂದದ ಕೆಲಸ. ಅಂಟಿನ ವಿಷಯದಲ್ಲಿ ಮಾತ್ರ ಅವರಲ್ಲಿ ಕೆಲವರ ಕೈ ಬಹಳ ಧಾರಾಳ. ಶೆಲ್ಲಾಕ್ ಆಗಲಿ, ಟ್ಯೂಬಿನಲ್ಲಿ ಬರುವ ಸಿಲಿಕೋನ್ ಆಗಲಿ ತೆಳುವಾಗಿ ಸವರುವುದಕ್ಕೆ ಇರುವಂಥದ್ದು. ಮೆತ್ತಿದರೆ ಹೊರಗೆ ಕಾಣುವಷ್ಟೇ ಒಳಗೂ ಪಿಸುಕಿರುತ್ತದೆ. ಒಳಗಿನ ಎಳೆಗಳು ಕಿತ್ತು ಚೇಂಬರಿಗೆ ಬಿದ್ದು ಪಂಪಿನ ಜರಡಿಯನ್ನು ಮುಚ್ಚಿದರೆ, ಹನಿ ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ನಿಗೇ ಆಯಿಲ್ ತಪ್ಪಿಸಿದಂತಾಗುತ್ತದೆ.

ಇಷ್ಟರಲ್ಲಿ ಕೆಲವರಿಗೆ ಮಾರುತಿ 800 ನೆನಪಾಗಿರಬಹುದು. 1983ರಿಂದ 2014ರವರೆಗೆ ತಯಾರಾದ, 796 ಸಿಸಿಯ ಮೂರು ಸಿಲಿಂಡರಿನ ಆ ಕಾರೂ ಈಗ ಹಳೆಯ ಕಾರೇ. ಹುಡುಕುವ ವಿಧಾನದಲ್ಲಿ ವ್ಯತ್ಯಾಸವಿಲ್ಲ. ಅದರಲ್ಲಿ ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರಿನ ಆಯಿಲ್ ಸೀಲುಗಳಿವೆ; ರಬ್ಬರ್ ಗಡುಸಾದರೆ ಬದಲಿಸುವುದೇ ದಾರಿ.

ಹಿಂದಿನ ಸೀಲ್ ಎಂಬ ಮಾತು

ಹಳೆಯ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಮಾತ್ರ ಕ್ರ್ಯಾಂಕಿನ ಹಿಂತುದಿಗೆ ಬದಲಿಸಬಹುದಾದ ರಬ್ಬರ್ ಸೀಲೇ ಇಲ್ಲ. ಅಲ್ಲಿರುವುದು ಕ್ರ್ಯಾಂಕಿನ ಮೇಲೆಯೇ ಕೊರೆದ ಸ್ಕ್ರೂವಿನಂಥ ಸುರುಳಿ ಗಾಡಿ. ಕ್ರ್ಯಾಂಕ್ ತಿರುಗಿದಂತೆ ಆ ಸುರುಳಿ ಹೊರಬರಲು ನೋಡುವ ಆಯಿಲನ್ನು ಒಳಕ್ಕೆ ಸುತ್ತಿ ತಳ್ಳುತ್ತದೆ. ನೀರೆತ್ತಲು ಬಳಸುವ ಆರ್ಕಿಮಿಡೀಸನ ಸ್ಕ್ರೂವಿನ ತತ್ವವೇ ಇದು. ಸುರುಳಿ ಯಾವುದನ್ನೂ ಮುಟ್ಟದೆ ಕೂದಲೆಳೆಯ ಅಂತರದಲ್ಲಿ ತಿರುಗುವುದರಿಂದ ಸವೆಯುವುದಿಲ್ಲ, ಜಾಣ ಉಪಾಯ. ಆದರೆ ಎಂಜಿನ್ ನಿಂತಾಗ ಸುರುಳಿಯೂ ನಿಲ್ಲುತ್ತದೆ, ಆಗ ತಡೆಯುವವರು ಯಾರೂ ಇಲ್ಲ. ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದ ಅಂಬಾಸಿಡರ್ ಬೆಳಿಗ್ಗೆ ಕೆಲವು ಹನಿ ಬಿಟ್ಟಿರುವುದು ಇದೇ ಕಾರಣಕ್ಕೆ. ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಕ್ಲಚ್ಚಿನ ಗೂಡಿನ ತಳದಲ್ಲಿ ಒಂದು ತೂತು ಕೊರೆದು, ಕೆಸರು ಕಟ್ಟದಂತೆ ಅದರಲ್ಲಿ ಅಲುಗಾಡುವ ಸ್ಪ್ಲಿಟ್ ಪಿನ್ ತೂಗಿಬಿಟ್ಟಿದ್ದಾರೆ.

ಮೇಲಿನ ಮುಚ್ಚಳ, ಪಕ್ಕದ ಮುಚ್ಚಳ, ಬ್ರೀದರ್ ಎಲ್ಲವೂ ಸರಿಯಾದ ಮೇಲೂ ಆ ಪಿನ್ನಿನಿಂದ ಓಡುವಾಗಲೇ ಆಯಿಲ್ ಇಳಿಯುತ್ತಿದ್ದರೆ, ಕ್ರ್ಯಾಂಕಿನ ಹಿಂದಿನ ಬೇರಿಂಗು ಸವೆದು ಅಂತರ ಹೆಚ್ಚಾಗಿರುವ ಸಾಧ್ಯತೆಯೇ ಹೆಚ್ಚು. ಸವೆದ ಬೇರಿಂಗಿನಲ್ಲಿ ಒತ್ತಡದ ಗೇಜು ಕೂಡ ಕೆಳಗಿರುತ್ತದೆ. ಎರಡನ್ನೂ ಸೇರಿಸಿ ಓದಬೇಕು. ಇದಕ್ಕೆ ಎಂಜಿನ್ ಇಳಿಸದೆ ಗತಿಯಿಲ್ಲ. ಗೇಜು ಚೆನ್ನಾಗಿದ್ದು, ಕ್ಲಚ್ ಜಾರದಿದ್ದು, ದಿನಕ್ಕೆ ಹತ್ತಿಪ್ಪತ್ತು ಹನಿಯಷ್ಟೇ ಆದರೆ ಎಂಜಿನ್ ಬಿಚ್ಚಿಸುವುದು ದುಡುಕು ಎಂಬುದು ನಮ್ಮ ಅಭಿಪ್ರಾಯ. ವಾರಕ್ಕೊಮ್ಮೆ ಸಮನೆಲದಲ್ಲಿ ಕಡ್ಡಿ ನೋಡಿ, ಕಡಿಮೆಯಾದಷ್ಟು ಹಾಕಿ, ನಿಲ್ಲಿಸುವ ಜಾಗದಲ್ಲಿ ಮರದ ಹೊಟ್ಟು ಅಥವಾ ಮರಳು ಹರಡಿದ ತಗಡಿನ ತಟ್ಟೆ ಇಟ್ಟರೆ ಸಾಕು. ಮಂದ ಆಯಿಲ್ ಹಾಕಿ ಸೋರಿಕೆ ನಿಲ್ಲಿಸುತ್ತೇವೆ ಎನ್ನುವವರ ಮಾತು ಕೆಲವು ದಿನಕ್ಕೆ ನಿಜ. ಚಳಿಗಾಲದ ಬೆಳಿಗ್ಗೆ ಆ ಆಯಿಲ್ ಬೇರಿಂಗಿಗೆ ತಲುಪಲು ತಡವಾಗುತ್ತದೆ.

ಇನ್ನು ತಟ್ಟೆಯಲ್ಲಿ, ಡಬ್ಬದಲ್ಲಿ ಕೂಡಿದ ಕಪ್ಪು ಆಯಿಲನ್ನು ಏನು ಮಾಡುವುದು? ಚರಂಡಿಗೆ ಸುರಿಯುವುದು ರೂಢಿ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಇದೇ ಸೀಮೆಯಲ್ಲಿ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು 1933ರಲ್ಲಿ ಕಟ್ಟಿದ ಜಲಾಶಯ ಇರುವುದು ಆ ಸಂಗಮದಲ್ಲಿಯೇ. ಮಳೆಗಾಲದಲ್ಲಿ ಚರಂಡಿಯ ಜಿಡ್ಡು ಕೆರೆಗೆ, ಕೆರೆಯಿಂದ ಹಳ್ಳಕ್ಕೆ ಇಳಿಯುತ್ತದೆ. ಇಲ್ಲಿನ ಹಳ್ಳಿಗಳು ನೀರೆತ್ತುವ ಕೊಳವೆಬಾವಿಗಳೂ ಇದೇ ನೆಲದಲ್ಲಿವೆ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಅದನ್ನು ಮುಚ್ಚಳವಿರುವ ಡಬ್ಬದಲ್ಲಿ, ಪೆಟ್ರೋಲ್ ಅಥವಾ ನೀರು ಬೆರೆಸದೆ ಕೂಡಿಟ್ಟು, ಮರುಶುದ್ಧೀಕರಣಕ್ಕೆ ಕೊಳ್ಳುವ ಅಧಿಕೃತರಿಗೆ ಆಯಿಲ್ ಕಳಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಬೇಕು. ಆಯಿಲ್ ಕುಡಿದ ಮರದ ಹೊಟ್ಟನ್ನೂ ಗದ್ದೆಯ ಬದುವಿಗೆ ಎಸೆಯದೆ ಬೇರೆ ಚೀಲದಲ್ಲಿ ಕಟ್ಟಿ ಅದರ ಜೊತೆಗೇ ಕೊಡಬಹುದು.